ಶರೀಫಜ್ಜನ ಪದಕ್ಕೆ ಗಿಟಾರ್ ಜೊತೆಯಾದಾಗ

‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಚೊಚ್ಚಲ ಆಲ್ಬಂ ಬಂದದ್ದು 2008ರಲ್ಲಿ. ಅದು ಇಂದಿಗೂ ನನ್ನ ಮೊಬೈಲ್‌ನಲ್ಲಿದೆ. ಮೈಸೂರಿನಲ್ಲಿ ಮೈಕ್ರೊಬಯಾಲಜಿ ಓದಿ, ಭರತನಾಟ್ಯವನ್ನೂ ಕಲಿತಿದ್ದ ರಘು ದೀಕ್ಷಿತ್ ಮ್ಯೂಸಿಕ್ ಕಂಪನಿಗಳ ಬಾಗಿಲು ತಟ್ಟಿದಾಗ ವರ್ಷಗಟ್ಟಲೆ ಸಿಕ್ಕಿದ್ದು ನಿರಾಕರಣೆಯೇ. ಕೊನೆಗೆ ಕೈಹಿಡಿದವರು ಹಿಂದಿ ಸಿನಿಮಾ ಸಂಗೀತದ ಜೋಡಿ ವಿಶಾಲ್–ಶೇಖರ್.

ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ತತ್ವಪದಗಳೂ ಇದರಲ್ಲಿವೆ. ಗಿಟಾರ್, ವಯಲಿನ್ ಸೇರಿದರೂ ಪದಗಳ ಉತ್ತರ ಕರ್ನಾಟಕದ ಸೊಗಡು ಮಾಸಿಲ್ಲ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿಕೊಂಡೇ ರಘು ವಿದೇಶದ ವೇದಿಕೆ ಏರಿದರು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲೂ ಹಾಡಿತು.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಟರ್‌ವ್ಯೂಗಳಲ್ಲಿ ಇಂಗ್ಲಿಷ್ ಮಾತನಾಡುವಾಗ ಈಗಲೂ ನಾಲಿಗೆ ತಡವರಿಸುತ್ತದೆ. ‘ನಿಮ್ಮನ್ನು ಆಯ್ಕೆ ಮಾಡಿಲ್ಲ’ ಎಂಬ ಮೇಲ್‌ಗಳು ಸಾಕಷ್ಟು ಬಂದಿವೆ. ಆದರೆ ನಮ್ಮಜ್ಜಿ ಭಜನೆಯಲ್ಲಿ ಹಾಡುತ್ತಿದ್ದ ಶರೀಫಜ್ಜನ ಪದವನ್ನು ಕನ್ನಡ ಬಾರದ ಹಾಸ್ಟೆಲ್ ಗೆಳೆಯರು ಗುನುಗುವುದನ್ನೂ ಕೇಳಿದ್ದೇನೆ. ಇಂಗ್ಲಿಷ್ ಬೇಕು, ಕಲಿಯುತ್ತಿದ್ದೇನೆ. ಅದಕ್ಕಾಗಿ ಊರಿನ ಮಾತನ್ನು ಮುಚ್ಚಿಡಬೇಕಿಲ್ಲ ಎಂಬ ಧೈರ್ಯ ಕೊಟ್ಟಿದ್ದು ಮಾತ್ರ ಈ ಹಾಡುಗಳೇ.