ಕರಾವಳಿ ಹೆದ್ದಾರಿ 66: ಮಳೆಗಾಲದಲ್ಲಿ ಹೊರಡುವ ಮುನ್ನ ತಿಳಿದಿರಲಿ

ರಾಮಾಪುರ: ಗೋಕರ್ಣ, ಮುರುಡೇಶ್ವರ ನೋಡಲು ಗಾಡಿ ಮಾಡಿಕೊಂಡು ಹೊರಡುವವರು ಕೊನೆಗೆ ಸೇರೋದು ರಾಷ್ಟ್ರೀಯ ಹೆದ್ದಾರಿ 66ಕ್ಕೇ. ಹಳೇ ನಂಬರ್ 17. ಮುಂಬೈ ಬಳಿಯ ಪನ್ವೇಲ್‌ನಿಂದ ಕನ್ಯಾಕುಮಾರಿವರೆಗೆ ಸುಮಾರು 1,600 ಕಿ.ಮೀ. ಉದ್ದ. ರಾಜ್ಯದಲ್ಲಿ ತಲಪಾಡಿಯಿಂದ ಕಾರವಾರದ ಮಾಜಾಳಿವರೆಗೆ ಸಾಗುತ್ತದೆ.

ನೇತ್ರಾವತಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳೆಲ್ಲ ಈ ರಸ್ತೆಗೆ ಅಡ್ಡ ಬರ್ತವೆ. ಸೇತುವೆ ಆಗುವ ಮುನ್ನ ಬಸ್ಸಿಳಿದು ದೋಣಿ ಹತ್ತಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಕಾರವಾರದ ಬಳಿ ಗುಡ್ಡ ಸಮುದ್ರಕ್ಕೇ ತಾಗಿರುವುದರಿಂದ ಸುರಂಗ ಕೊರೆಯಲಾಗಿದೆ.

ಅಪಾಯ ಎಲ್ಲಿ? ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆ ನೀರು ಇಂಗಿ ಭಾರವಾದಾಗ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆ ಬದಿಯ ಟೀ ಅಂಗಡಿ, ನಿಂತಿದ್ದ ಲಾರಿ ಕೊಚ್ಚಿಹೋದವು; ಜೀವಗಳೂ ಹೋದವು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತು. ಚಾಲಕ ಬದುಕುಳಿದರು. ಪಕ್ಕದಲ್ಲೇ ಹೊಸ ಸೇತುವೆ ಇದ್ದುದರಿಂದ ಗೋವಾ ಸಂಪರ್ಕ ಪೂರ್ತಿ ಕಡಿದುಹೋಗಲಿಲ್ಲ.

ಮಳೆಗಾಲದಲ್ಲಿ ಉತ್ತರ ಕನ್ನಡ ಜಿಲ್ಲಾಡಳಿತದ ಸೂಚನೆ ನೋಡಿಕೊಂಡೇ ಹೊರಡಿ. ಕಡಿದ ಗುಡ್ಡದ ಕೆಳಗೆ ಟೀ ಕುಡಿಯೋಕೂ ಗಾಡಿ ನಿಲ್ಲಿಸಬೇಡಿ. ಆ ಕಡೆಯಿಂದ ಸರಕು ತರಿಸುವ ಅಂಗಡಿಯವರು ಒಂದೆರಡು ದಿನ ಮುಂಚೆಯೇ ಆರ್ಡರ್ ಹೇಳಿಡುವುದು ಒಳ್ಳೇದು.