ಸರ್ವರುಗಳ ಪರಿಷ್ಕರಣವೂ ಸೇವೆಗಳ ಪುನರಾರಂಭವೂ

ನಮ್ಮ ಹೆಣ್ಣುಮಕ್ಕಳು ವಿದ್ಯಾಭ್ಯಾಸವನ್ನು ಮುಗಿಸಿ ಸರ್ವರುಗಳ ಮೇಲ್ವಿಚಾರಣೆಯನ್ನು ವಹಿಸಿಕೊಳ್ಳುವ ಕಾಲವಿದು. ಬ್ಯಾಂಕು, ಆಸ್ಪತ್ರೆ, ರೈಲ್ವೆ ಮುಂತಾದವುಗಳ ಕಾರ್ಯವು ಹಗಲಿರುಳೂ ಈ ಯಂತ್ರಗಳನ್ನೇ ಅವಲಂಬಿಸಿರುವುದು. ಆದುದರಿಂದ ಇವುಗಳ ಸಾಫ್ಟ್‌ವೇರನ್ನು ಪರಿಷ್ಕರಿಸುವಾಗ ಪಾಲಿಸತಕ್ಕ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಸರ್ವರಿನಲ್ಲಿ ಎಡೆಬಿಡದೆ ನಡೆಯುತ್ತಿರುವ ಪ್ರೋಗ್ರಾಮಿಗೆ ಸೇವೆಯೆಂದು ಹೆಸರು. ಅದು ಆರಂಭವಾಗುವಾಗ ತನಗೆ ಬೇಕಾದ ಲೈಬ್ರರಿಗಳೆಂಬ ಕಡತಗಳನ್ನು ಡಿಸ್ಕಿನಿಂದ ಮೆಮೊರಿಗೆ ತಂದುಕೊಳ್ಳುವುದು. ಪರಿಷ್ಕರಣದಿಂದ ಡಿಸ್ಕಿನಲ್ಲಿ ಹಳೆಯ ಕಡತವು ಹೋಗಿ ಹೊಸದು ಬರುವುದು ನಿಜ. ಆದರೆ ಲಿನಕ್ಸ್ ವ್ಯವಸ್ಥೆಯಲ್ಲಿ, ನಡೆಯುತ್ತಿರುವ ಸೇವೆಯು ನಿಲ್ಲುವ ತನಕ ಹಳೆಯದನ್ನೇ ಹಿಡಿದುಕೊಂಡಿರುವುದು. ಹೊಸ ಪಠ್ಯಪುಸ್ತಕವನ್ನು ಬೀರುವಿನಲ್ಲಿಟ್ಟ ಮಾತ್ರಕ್ಕೆ, ಹಳೆಯದನ್ನು ಬಾಯಿಪಾಠ ಮಾಡಿಕೊಂಡ ಉಪಾಧ್ಯಾಯಿನಿಯ ಬೋಧನೆಯು ಬದಲಾಗುವುದುಂಟೇ?

ಇದರಿಂದಾಗುವ ಅಪಾಯಕ್ಕೆ ಒಂದು ನಿದರ್ಶನವುಂಟು. 2014ನೆಯ ಇಸವಿ ಏಪ್ರಿಲ್ 7ರಂದು, ಗುಪ್ತ ಸಂಭಾಷಣೆಗೆ ಉಪಯೋಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷವು ಪ್ರಕಟವಾಯಿತು. ದೂರದಲ್ಲಿರುವ ಅಪರಿಚಿತನು ಸರ್ವರಿನ ಮೆಮೊರಿಯಿಂದ ಸಲಕ್ಕೆ 64 ಕಿಲೋಬೈಟಿನವರೆಗೆ ಓದಬಹುದಾಗಿತ್ತು. ಪಾಸ್‌ವರ್ಡುಗಳೂ ಗುಪ್ತಕೀಲಿಗಳೂ ಅದರಲ್ಲಿ ಸಿಕ್ಕುವ ಸಂಭವವಿತ್ತು. ತಿದ್ದಿದ ಆವೃತ್ತಿಯು ಅದೇ ದಿನ ಹೊರಬಂದಿತು. ಆದರೆ ಅದನ್ನು ಸ್ಥಾಪಿಸಿಯೂ ಸೇವೆಗಳನ್ನು ಪುನರಾರಂಭಿಸದವರ ಸರ್ವರು ಮುಂಚಿನಂತೆಯೇ ಬಾಗಿಲು ತೆರೆದಿತ್ತು.

ಹಾಗಾದರೆ ಎಲ್ಲವನ್ನೂ ಒಡನೆಯೇ ಪುನರಾರಂಭಿಸಬಾರದೇಕೆ? ಯಾಕಂದರೆ ಸೇವೆಯು ನಿಂತ ಕ್ಷಣದಲ್ಲಿ ಅದನ್ನು ನಂಬಿದವರ ಕೆಲಸವೂ ಕಡಿದುಹೋಗಬಹುದು. ಆದಕಾರಣವೇ ಡೆಬಿಯನ್ ಲಿನಕ್ಸ್, ಮುಖ್ಯವಾದ ಸಿ ಲೈಬ್ರರಿಯನ್ನು ಪರಿಷ್ಕರಿಸುವಾಗ, ಸೇವೆಗಳನ್ನು ಕೇಳದೆಯೇ ಪುನರಾರಂಭಿಸಬಹುದೋ ಎಂದು ಪ್ರಶ್ನಿಸುವುದುಂಟು. ನೀಡ್‌ರೀಸ್ಟಾರ್ಟ್ ಎಂಬ ಉಪಕರಣವು ಹಳೆಯ ಲೈಬ್ರರಿಯನ್ನು ಹಿಡಿದಿರುವ ಸೇವೆಗಳನ್ನು ಹುಡುಕಿ ಪಟ್ಟಿಮಾಡುವುದು; ಬೇಕಾದರೆ ಕೇಳಿ ಅಥವಾ ಕೇಳದೆ ಪುನರಾರಂಭವನ್ನೂ ಮಾಡುವುದು.

ಸೇವೆಗಳ ಸ್ವಭಾವವು ಒಂದೇ ತೆರನಲ್ಲ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರಿಗೆ ರೀಲೋಡ್ ಆಜ್ಞೆಯನ್ನಿತ್ತರೆ ಅದು ಕೈಯಲ್ಲಿರುವ ಕೆಲಸವನ್ನು ಕೆಡಿಸದೆ ಹೊಸ ಸೆಟ್ಟಿಂಗುಗಳನ್ನು ಓದಿಕೊಳ್ಳುವುದು. ಆದರೆ ಹೊಸ ಲೈಬ್ರರಿಗೆ ಇದು ಸಾಲದು, ಪುನರಾರಂಭವೇ ಆಗಬೇಕು. ಡೇಟಾಬೇಸನ್ನು ಪುನರಾರಂಭಿಸಿದರೆ ಅದರ ಸಂಪರ್ಕಗಳೆಲ್ಲ ಕಡಿಯುವುವು. ದೂರದಿಂದ ಒಳಹೋಗುವ ಎಸ್‌ಎಸ್‌ಎಚ್ ಸೇವೆಯನ್ನು ಪುನರಾರಂಭಿಸಿದಾಗ ಈಗಿರುವ ಸಂಪರ್ಕವು ಸಾಧಾರಣವಾಗಿ ಉಳಿಯುವುದು. ಆದರೂ ಎರಡನೆಯ ಸಂಪರ್ಕದಿಂದ ಒಳಹೊಕ್ಕು ನೋಡದೆ ಮೊದಲನೆಯದನ್ನು ಮುಚ್ಚಬಾರದು. ಸೆಟ್ಟಿಂಗಿನಲ್ಲಿ ತಪ್ಪಿದ್ದರೆ ತಾವೇ ಹೊರಗುಳಿಯಬೇಕಾದೀತು. ಹೊಸ ಕರ್ನೆಲ್ಲಿಗಾದರೋ ಸಾಮಾನ್ಯವಾಗಿ ಇಡೀ ಯಂತ್ರವನ್ನೇ ಪುನರಾರಂಭಿಸಬೇಕಾಗುವುದು.

ಆದುದರಿಂದ ಮೇಲ್ವಿಚಾರಕಿಯು ಮೊದಲು ಬ್ಯಾಕಪ್ ಇರುವುದನ್ನು ಖಚಿತಪಡಿಸಿಕೊಂಡು, ಬಳಕೆದಾರರಿಗೆ ಮುಂಚಿತವಾಗಿ ತಿಳಿಸಿ, ಕೆಲಸ ಕಡಿಮೆಯಿರುವ ಹೊತ್ತನ್ನು ಆರಿಸಿಕೊಳ್ಳತಕ್ಕದ್ದು. ಸೆಟ್ಟಿಂಗುಗಳನ್ನು ಪರೀಕ್ಷಿಸಿದ ಮೇಲೆಯೇ ಸೇವೆಯನ್ನು ನಿಲ್ಲಿಸಬೇಕು. ಒಂದೇ ಕೆಲಸಕ್ಕೆ ಎರಡು ಸರ್ವರುಗಳಿದ್ದರೆ ಒಂದಾದ ಮೇಲೊಂದನ್ನು ಪರಿಷ್ಕರಿಸತಕ್ಕದ್ದು. ಕಡೆಗೆ ಸೇವೆಯು ಎದ್ದಿತೋ, ಸರಿಯಾಗಿ ಉತ್ತರ ಕೊಡುತ್ತಿದೆಯೋ ಎಂದು ಸ್ವತಃ ನೋಡಬೇಕು. ತೆರೆಯ ಮೇಲೆ ಪರಿಷ್ಕರಣವು ಮುಗಿಯಿತೆಂದು ಕಂಡ ಮಾತ್ರಕ್ಕೆ ತೃಪ್ತಿಪಡಬಾರದು. ಆತುರವೂ ಆಲಸ್ಯವೂ ಇಲ್ಲಿ ಸಮಾನವಾಗಿ ಹಾನಿಕರವೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡಬೇಕೆಂದು ಅಪೇಕ್ಷಿಸುವೆವು.