ದೊಡ್ಡ ಎಂಜಿನ್ ಹಾಕಿದ ಪುಟ್ಟ ಟ್ರಕ್: ಮೊದಲ ಐದು ಟ್ಯಾಂಕ್ ಅವಸರ ಬೇಡ

ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಹಿಂದೆ ಟೇಪ್ ರೆಕಾರ್ಡರ್, ಟಾರ್ಚ್, ಅತ್ತರಿನ ಕುಪ್ಪಿ ಇರುತ್ತಿದ್ದವು. ಈಗಿನ ಮಕ್ಕಳು ತಿಂಗಳ ಮೊದಲೇ ಮೊಬೈಲ್‌ನಲ್ಲಿ ಫೋಟೊ ಕಳಿಸಿ ‘ಮಾಮ, ಇದೇ ಬೇಕು’ ಎಂದು ಹೇಳಿಬಿಡುತ್ತಾರೆ. ಆ ಫೋಟೊಗಳಲ್ಲಿ ನೈಟ್ರೊ ಟ್ರಕ್ ಕೂಡ ಉಂಟು. ಬ್ಯಾಟರಿಯಲ್ಲಿ ಓಡುವ ರಿಮೋಟ್ ಕಾರ್ ಅಲ್ಲ ಇದು. ಹೊಗೆ ಬಿಡುವ, ಕಿವಿ ಕಿವುಡಾಗುವಷ್ಟು ಶಬ್ದ ಮಾಡುವ, ನಿಜವಾದ ಎಂಜಿನ್ ಇರುವ ಟ್ರಕ್. ಅಮೆರಿಕದ ಟ್ರಾಕ್ಸಸ್ ಕಂಪೆನಿಯ ಟಿ-ಮ್ಯಾಕ್ಸ್ 1999ರಲ್ಲಿ ಬಂದ ಮೇಲೆ ಈ ಹುಚ್ಚು ಹಬ್ಬಿತು. ದುಬೈ, ದಮಾಮ್ ಕಡೆ ಕೆಲಸಕ್ಕಿರುವ ನಮ್ಮ ಹುಡುಗರಿಗೂ ಅಲ್ಲಿಂದಲೇ ಅದು ಅಂಟಿದ್ದು.

ಒಂದೆರಡು ವರ್ಷ ಓಡಿಸಿದ ಮೇಲೆ ಹುಡುಗರಿಗೆ ಇದ್ದ ಎಂಜಿನ್ ಸಾಲುವುದಿಲ್ಲ. 2.5 ಸಿಸಿ ತೆಗೆದು 3.3 ಸಿಸಿ ಹಾಕುವ ಎನ್ನುತ್ತಾರೆ. ಸಂಖ್ಯೆ ನೋಡಿದರೆ ಸಣ್ಣದು. ಆದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ದೊಡ್ಡ ಎಂಜಿನ್ ಅದು. ಗಂಟೆಗೆ 70 ಕಿ.ಮೀ. ಹತ್ತಿರ ಹೋಗುತ್ತದೆ ಎಂದು ಕಂಪೆನಿಯವರೇ ಹೇಳುತ್ತಾರೆ. ಅಂಗಳದಲ್ಲಿ ಕೋಳಿಯೋ ಮಗುವೋ ಅಡ್ಡ ಬಂದರೆ ಎಂತ ಆಗಬಹುದು, ನೀವೇ ಲೆಕ್ಕ ಹಾಕಿ.

ನಾವು ನೋಡಿದ ಮಟ್ಟಿಗೆ, ಇಂಥ ಎಂಜಿನ್‌ಗಳು ಹಾಳಾಗುವುದು ಓಡಿ ಓಡಿ ಸವೆದು ಅಲ್ಲ. ಹೆಚ್ಚಿನವು ಮೊದಲ ದಿನವೇ ಹೋಗುತ್ತವೆ. ರಜೆ ಮೂವತ್ತೇ ದಿನ, ಪೆರ್ನಾಳ್ ನಾಳೆ, ನೆಂಟರ ಮಕ್ಕಳೆಲ್ಲ ಅಂಗಳದಲ್ಲಿ. ‘ಒಮ್ಮೆ ಫುಲ್ ಬಿಡು ನೋಡುವ’ ಎಂದು ಒಬ್ಬ ಹೇಳಿದರೆ ಮುಗಿಯಿತು. ಒಬ್ಬರ ತಿಂಗಳ ಓವರ್‌ಟೈಮ್ ಹಣ ಆ ಒಂದು ಸಂಜೆಯಲ್ಲಿ ಹೊಗೆಯಾಗುತ್ತದೆ.

ಯಾಕೆ ಹೀಗೆ ಎಂದರೆ, ಈ ಎಂಜಿನ್‌ನ ಪಿಸ್ಟನ್‌ಗೆ ರಿಂಗ್ ಇಲ್ಲ. ಪಿಸ್ಟನ್ ಅಲ್ಯೂಮಿನಿಯಮ್, ಅದರ ಸುತ್ತ ಇರುವ ಸ್ಲೀವ್ ಕ್ರೋಮ್ ಲೇಪಿಸಿದ ಹಿತ್ತಾಳೆ. ಸ್ಲೀವ್ ಮೇಲ್ಗಡೆ ಕೂದಲೆಳೆಯಷ್ಟು ಕಿರಿದು. ತಣ್ಣಗಿರುವಾಗ ಪಿಸ್ಟನ್ ಮೇಲೆ ಬಂದು ಅಲ್ಲಿ ಕಚ್ಚಿಕೊಳ್ಳುತ್ತದೆ. ಬಿಸಿಯಾದಾಗ ಹಿತ್ತಾಳೆ ಹಿಗ್ಗಿ, ಎರಡೂ ಸರಿಯಾಗಿ ಕೂರುತ್ತವೆ. ಅಂದರೆ ಕೈಯಲ್ಲಿ ತಿರುಗಿಸಿದಾಗ ಬಿಗಿ ಇರುವುದು ದೋಷ ಅಲ್ಲ, ಹೊಸ ಎಂಜಿನ್ ಹಾಗೆಯೇ ಇರಬೇಕು. ಆ ಬಿಗಿಯನ್ನು ಜೋರಿನಿಂದ ಬಿಡಿಸಲು ಹೋದರೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್‌ಗೆ ಪೆಟ್ಟು.

ಹಾಗಾಗಿ ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ತಲೆಯನ್ನು ಸ್ವಲ್ಪ ಬಿಸಿ ಮಾಡುವುದು ಒಳ್ಳೆಯದು. ಹೇರ್ ಡ್ರೈಯರ್ ಸಾಕು. (ಮನೆಯ ಹೆಣ್ಮಕ್ಕಳ ಡ್ರೈಯರ್ ಕೇಳದೆ ಎತ್ತಿಕೊಂಡು ಹೋಗಿ ಎಣ್ಣೆ ಕೈಯಲ್ಲಿ ವಾಪಸ್ ಇಡಬೇಡಿ ಮಾರಾಯ್ರೆ. ಆ ಜಗಳ ಎಂಜಿನ್‌ಗಿಂತ ದುಬಾರಿ.)

ಕೂರಿಸುವಾಗ ನೋಡಬೇಕಾದ್ದು ಹೆಚ್ಚೇನಿಲ್ಲ, ಆದರೆ ಬಿಟ್ಟರೆ ಆಗುವುದಿಲ್ಲ. ಕ್ಲಚ್ ಬೆಲ್ ಮತ್ತು ದೊಡ್ಡ ಗಿಯರ್‌ನ ಹಲ್ಲುಗಳ ನಡುವೆ ಒಂದು ನೋಟ್‌ಬುಕ್ ಹಾಳೆ ಇಟ್ಟು ಒತ್ತಿ, ಸ್ಕ್ರೂ ಬಿಗಿ ಮಾಡಿ, ಮತ್ತೆ ಹಾಳೆ ಎಳೆದು ತೆಗೆಯಿರಿ. ಅಷ್ಟು ಸಂದು ಬೇಕು. ಸೈಲೆನ್ಸರ್ ಸೇರುವಲ್ಲಿ, ಕಾರ್ಬೊರೇಟರ್ ಬುಡದಲ್ಲಿ ಗಾಳಿ ಸೋರಬಾರದು. ಸೋರಿದರೆ ಇಂಧನ ಕಡಿಮೆ, ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ಏರ್ ಫಿಲ್ಟರಿಗೆ ಎಣ್ಣೆ ಹಾಕದೆ ಓಡಿಸುವುದು ಬೇಡವೇ ಬೇಡ. ಗಲ್ಫ್‌ನ ಮರಳಿರಲಿ, ನಮ್ಮ ಕೆಂಪು ಧೂಳಿರಲಿ, ಒಳಗೆ ಹೋದರೆ ಮರಳುಕಾಗದ ಉಜ್ಜಿದ ಹಾಗೆ.

ಇನ್ನು ಸ್ಟಾರ್ಟ್. ಟ್ರಕ್ಕನ್ನು ಪೆಟ್ಟಿಗೆ ಮೇಲೆ ಇಟ್ಟು, ಚಕ್ರ ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಮೊದಲು ಕೈಯ ರಿಮೋಟ್ ಆನ್, ಆಮೇಲೆ ಟ್ರಕ್ ಆನ್. ನಿಲ್ಲಿಸುವಾಗ ತಿರುಗಾ: ಟ್ರಕ್ ಮೊದಲು, ರಿಮೋಟ್ ಕೊನೆಗೆ. ಎರಡಕ್ಕೂ ಹೊಸ ಸೆಲ್ ಹಾಕಿ. ಓಡುವ ಮಧ್ಯೆ ಸೆಲ್ ಸತ್ತರೆ ಟ್ರಕ್ ಯಾರ ಮಾತೂ ಕೇಳುವುದಿಲ್ಲ. ಸೈಲೆನ್ಸರ್ ಬಾಯಿಗೆ ಬೆರಳಿಟ್ಟು ಹಗ್ಗವನ್ನು ಎರಡು ಮೂರು ಸಲ ಎಳೆದರೆ ಇಂಧನ ನಳಿಗೆಯಲ್ಲಿ ಏರುವುದು ಕಾಣುತ್ತದೆ. ಕಾರ್ಬೊರೇಟರ್ ತಲುಪಿದ ಕೂಡಲೇ ಬೆರಳು ತೆಗೆಯಿರಿ. ಗ್ಲೋ ಪ್ಲಗ್‌ಗೆ ಒಂದೂವರೆ ವೋಲ್ಟ್‌ನ ಇಗ್ನೈಟರ್ ಸಿಕ್ಕಿಸಿ, ಚುರುಕಾಗಿ ಗಿಡ್ಡ ಎಳೆತ. ಹಗ್ಗವನ್ನು ಕೊನೆ ತನಕ ಎಳೆಯಬಾರದು. ಎಂಜಿನ್ ಓಡಿದ ಮೇಲೆ ಇಗ್ನೈಟರ್ ಬೇಡ. ಪ್ಲಗ್‌ನೊಳಗಿನ ಪ್ಲಾಟಿನಮ್ ತಂತಿ ಮೆಥನಾಲ್ ತಾಗಿ ತಾನೇ ಕೆಂಪಗೆ ಇರುತ್ತದೆ.

ಹಗ್ಗ ಏಕಾಏಕಿ ಕಲ್ಲಿನ ಹಾಗೆ ಗಟ್ಟಿಯಾಯಿತೋ, ನಿಲ್ಲಿಸಿ. ಒಳಗೆ ಇಂಧನ ತುಂಬಿದೆ ಎಂದರ್ಥ. ಪ್ಲಗ್ ಬಿಚ್ಚಿ, ಟ್ರಕ್ಕನ್ನು ಕವುಚಿ ಹಾಕಿ, ಹಗ್ಗ ಎಳೆದರೆ ಚಿಮ್ಮಿ ಹೊರಬರುತ್ತದೆ. ಮುಖ ದೂರ ಇರಲಿ. ಇಲ್ಲಿ ಜಿಮ್ ಬಲ ತೋರಿಸಲು ಹೋದವರ ರಾಡ್ ಬಗ್ಗಿದ್ದು ನಾವು ಕಂಡಿದ್ದೇವೆ.

ಓಡಿದ ಮೇಲಿನದ್ದೇ ನಿಜವಾದ ಪರೀಕ್ಷೆ. ಹಿಂದೆ ಹೊಸ ಅಂಬಾಸಿಡರ್ ಕಾರಿನ ಹಿಂದೆ ‘ರನ್ನಿಂಗ್ ಇನ್’ ಎಂದು ಬರೆದು ಮೆಲ್ಲ ಓಡಿಸುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಇದೂ ಅದೇ. ಮೊದಲ ಟ್ಯಾಂಕ್ ಬಾಡಿ ತೆಗೆದಿಟ್ಟು, ಕಾಲು ಥ್ರಾಟಲ್‌ನಲ್ಲಿ ಎರಡು ಸೆಕೆಂಡ್ ಓಡಿಸುವುದು, ಬಿಡುವುದು, ಮತ್ತೆ ಓಡಿಸುವುದು. ಎರಡನೆಯದರಲ್ಲಿ ಅರ್ಧ. ಮೂರನೆಯದರಲ್ಲಿ ಅರ್ಧವೇ, ಸ್ವಲ್ಪ ಹೆಚ್ಚು ಹೊತ್ತು. ನಾಲ್ಕರಲ್ಲಿ ಒಂದೆರಡು ಕ್ಷಣ ಫುಲ್. ಐದರಲ್ಲಿ ಇನ್ನೂ ಸ್ವಲ್ಪ. ಪ್ರತಿ ಟ್ಯಾಂಕ್ ಮುಗಿದ ಮೇಲೆ ಕಾಲು ಗಂಟೆ ತಣಿಯಲು ಬಿಡಬೇಕು. ತಣಿಯುವಾಗ ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳಗೆ ತನ್ನಿ, ಇಲ್ಲದಿದ್ದರೆ ಸ್ಲೀವ್ ಕುಗ್ಗಿ ಅದನ್ನು ಮೇಲೆಯೇ ಹಿಡಿದುಕೊಳ್ಳುತ್ತದೆ. ಎಲ್ಲ ಸೇರಿ ಒಂದು ಮಧ್ಯಾಹ್ನ ಹೋಗುತ್ತದೆ. ಬಾಂಕ್ ಆಗುವ ಹೊತ್ತಿಗೂ ಪಕ್ಕದ ಮನೆಯ ಉಮ್ಮ ಮಲಗುವ ಹೊತ್ತಿಗೂ ಈ ಶಬ್ದ ಬೇಡ.

ಈ ಐದು ಟ್ಯಾಂಕ್‌ನಲ್ಲಿ ಇಂಧನ ಹೆಚ್ಚು, ಗಾಳಿ ಕಡಿಮೆ ಇರಬೇಕು. ಇಂಧನದಲ್ಲೇ ಎಣ್ಣೆ ಬೆರೆತಿರುವುದು, ಹಳೆಯ ಚೇತಕ್ ಸ್ಕೂಟರಿಗೆ ಪೆಟ್ರೋಲ್ ಜೊತೆ ಆಯಿಲ್ ಹಾಕುತ್ತಿದ್ದ ಹಾಗೆ. ದಪ್ಪ ನೀಲಿ ಹೊಗೆ, ಸೈಲೆನ್ಸರ್‌ನಿಂದ ತೊಟ್ಟಿಕ್ಕುವ ಎಣ್ಣೆ, ಮಂಕಾದ ಓಟ, ಎಲ್ಲ ಸರಿಯೇ. ಹುಡುಗರಿಗೆ ಇದೇ ತಡೆಯುವುದಿಲ್ಲ. ‘ಹೊಸ ಎಂಜಿನ್‌ಗೆ ಪಿಕಪ್ಪೇ ಇಲ್ಲ’ ಎಂದು ಸೂಜಿ ಸ್ಕ್ರೂ ಬಲಕ್ಕೆ ತಿರುಗಿಸುತ್ತಾರೆ. ಬಲಕ್ಕೆ ತಿರುಗಿದಷ್ಟೂ ಇಂಧನ ಕಡಿಮೆ, ಎಣ್ಣೆಯೂ ಕಡಿಮೆ, ಕಾವು ಹೆಚ್ಚು. ಪಿಕಪ್ ಬರುವುದು ನಿಜ, ಸ್ವಲ್ಪ ಹೊತ್ತು. ತಿರುಗಿಸುವುದು ಐದು ಟ್ಯಾಂಕ್ ಆದ ಮೇಲೆ, ಅದೂ ಒಂದು ಸುತ್ತಿನ ಹದಿನಾರನೇ ಒಂದು ಭಾಗದಷ್ಟೇ. ಎಂಜಿನ್ ತಲೆ ಮೇಲೆ ಒಂದು ಹನಿ ನೀರು ಹಾಕಿ ನೋಡಿ: ಮೂರರಿಂದ ಐದು ಸೆಕೆಂಡಿನಲ್ಲಿ ಕುದಿದು ಆರಿದರೆ ಸರಿ. ಚುಂಯ್ ಎಂದು ಕೂಡಲೇ ಹಾರಿದರೆ ಕಾವು ಜಾಸ್ತಿ, ಸ್ಕ್ರೂ ಎಡಕ್ಕೆ ಬರಲಿ.

ಮನೆಯವರೆಲ್ಲ ತಿಳಿದಿರಬೇಕಾದ ಮಾತು ಇಂಧನದ್ದು. ಅದು ಪೆಟ್ರೋಲ್ ಅಲ್ಲ. ಮೆಥನಾಲ್, ನೈಟ್ರೊಮೀಥೇನ್ ಮತ್ತು ಎಣ್ಣೆ. ಕಳ್ಳಭಟ್ಟಿ ದುರಂತಗಳಲ್ಲಿ ಜನ ಕಣ್ಣು ಕಳೆದುಕೊಂಡು ಸಾಯುವುದು ಇದೇ ಮೆಥನಾಲ್‌ನಿಂದ. ಮಗುವಿಗೆ ಒಂದೆರಡು ಗುಟುಕು ಸಾಕು. ಕೆಲವು ಕ್ಯಾನ್‌ಗಳಲ್ಲಿ ಅದು ಶರಬತ್ತಿನ ಹಾಗೆ ಗುಲಾಬಿ ಬಣ್ಣದಲ್ಲಿ ಇರುತ್ತದೆ. ನೀರಿನ ಬಾಟ್ಲಿಗೆ ಸುರಿದು ಜಗಲಿಯಲ್ಲಿ ಇಡುವ ಅಭ್ಯಾಸ ನಮ್ಮಲ್ಲಿ ಸೀಮೆಎಣ್ಣೆ ಕಾಲದಿಂದ ಉಂಟು. ಇದಕ್ಕೆ ಅದು ಖಂಡಿತ ಬೇಡ. ತಂದ ಕ್ಯಾನ್‌ನಲ್ಲೇ, ಬೀಗ ಹಾಕಿದ ಕಪಾಟಿನಲ್ಲಿ, ಅಡುಗೆ ಕೋಣೆಯಿಂದ ದೂರ ಇರಲಿ. ಮಗು ಬಾಯಿಗೆ ಹಾಕಿದೆ ಎಂಬ ಸಂಶಯ ಬಂದರೂ, ಮಗು ಚೆನ್ನಾಗಿ ಆಡುತ್ತಿದ್ದರೂ, ಕ್ಯಾನ್ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ವಿಷ ತಲೆ ಎತ್ತಲು ಗಂಟೆಗಳು ಹಿಡಿಯುತ್ತವೆ. ಬಿಸಿಲಿನಲ್ಲಿ ಮೆಥನಾಲ್‌ನ ಬೆಂಕಿ ಕಣ್ಣಿಗೆ ಕಾಣುವುದೇ ಕಷ್ಟ, ಆದ್ದರಿಂದ ಬಿಸಿ ಎಂಜಿನ್ ಮೇಲೆ ಟ್ಯಾಂಕ್ ತುಂಬುವ ಅವಸರ ಬೇಡ.

ಇದನ್ನು ವಿಮಾನದಲ್ಲಿ ತರಲು ಬಿಡುವುದಿಲ್ಲ, ಬ್ಯಾಗೇಜ್‌ನಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ಎಂಜಿನ್ ಮಾತ್ರ ತರಬಹುದು, ಓಡಿಸಿದ್ದಾದರೆ ಒಳಗೆ ಇಂಧನದ ವಾಸನೆ ಉಳಿಯದಂತೆ ತೊಳೆದು. ಹಾಗಾಗಿ ಮಾಮ ಊರಿಗೆ ಹೊರಡುವ ಮೊದಲೇ ಇಲ್ಲಿ ಇಂಧನ ಸಿಗುತ್ತದೋ ವಿಚಾರಿಸಿ.

ಜೂನ್ ಬಂದರೆ ಓಟ ಹೇಗೂ ಬಂದ್. ನಮ್ಮ ಕರಾವಳಿಯ ಗಾಳಿಯಲ್ಲಿ ಮೆಥನಾಲ್ ನೀರು ಹೀರಿಕೊಳ್ಳುತ್ತದೆ, ಮುಚ್ಚಳ ಸಡಿಲವಿದ್ದ ಕ್ಯಾನ್ ಮಳೆಗಾಲ ಮುಗಿಯುವಾಗ ಎಂಜಿನ್‌ಗೆ ಹಾಕುವ ಹಾಗಿರುವುದಿಲ್ಲ. ಎಂಜಿನ್ ಒಳಗೆ ಉಳಿದದ್ದು ಬೇರಿಂಗ್‌ಗೆ ತುಕ್ಕು ಹಿಡಿಸುತ್ತದೆ. ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ, ಪ್ಲಗ್ ತೂತಿನಿಂದ ಮತ್ತು ಕಾರ್ಬೊರೇಟರ್‌ನಿಂದ ನಾಲ್ಕು ಹನಿ ಆಫ್ಟರ್ ರನ್ ಎಣ್ಣೆ ಬಿಟ್ಟು, ಹಗ್ಗ ಎಳೆದು ಎಣ್ಣೆ ಎಲ್ಲ ಕಡೆ ಹರಡಿದ ಮೇಲೆ, ಪಿಸ್ಟನ್ ಕೆಳಗೆ ನಿಲ್ಲಿಸಿ ಎತ್ತಿಡಿ.